ಬಲಂ ವೆಂಕಟಾದ್ರಿ ನಾಯಕ: ಸ್ವಾತಂತ್ರ್ಯ ಹೋರಾಟಗಾರನೇ, ಬಂಡೆದ್ದ ಪಾಳೆಗಾರನೇ?

ಸ್ವಾತಂತ್ರ್ಯದ 75ನೇ ವರ್ಷದ ಅಮೃತ ಮಹೋತ್ಸವ ನಡೆದಾಗಿನಿಂದ ಆಯಾ ಊರಿನ ಮರೆತುಹೋದ ಹೋರಾಟಗಾರರ ಹೆಸರುಗಳನ್ನು ಹುಡುಕುವ ಕೆಲಸ ಎಲ್ಲ ಕಡೆಯೂ ಚುರುಕಾಗಿದೆ. ಹಾಸನ ಜಿಲ್ಲೆಯಲ್ಲಿ, ಅದರಲ್ಲೂ ಸಕಲೇಶಪುರ, ಬೇಲೂರುಗಳ ಕಡೆ, ಈ ಹುಡುಕಾಟ ಬಹಳ ಬೇಗ ಒಂದು ಹೆಸರಿಗೆ ಬಂದು ನಿಲ್ಲುತ್ತದೆ. ಅದು ಬಲಂ ಸೀಮೆಯ ವೆಂಕಟಾದ್ರಿ ನಾಯಕನ ಹೆಸರು. ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಮಲೆನಾಡಿನ ಕಾಡಿನಲ್ಲಿ ಎದುರಿಸಿ, 1802ರಲ್ಲಿ ನೇಣಿಗೇರಿದ ನಾಯಕ ಅವನು. ಶಾಲೆಯ ಪ್ರಬಂಧ ಸ್ಪರ್ಧೆಗೆ ಬರೆಯುವ ಮಕ್ಕಳೂ ಮೊಬೈಲಿನಲ್ಲಿ ಸಂದೇಶ ಹಂಚುವ ಹಿರಿಯರೂ ಅವನನ್ನು ಸ್ವಾತಂತ್ರ್ಯ ಹೋರಾಟಗಾರ ಎಂದೇ ಕರೆಯುತ್ತಾರೆ. ಆದರೆ ಹಳೆಯ ಮೈಸೂರಿನ ಇತಿಹಾಸಗಳನ್ನು ತೆರೆದರೆ ಅದೇ ವ್ಯಕ್ತಿ ಸರ್ಕಾರಕ್ಕೆ ತಿರುಗಿಬಿದ್ದ ಪಾಳೆಗಾರನಾಗಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತಾನೆ.

ಈ ಎರಡು ಚಿತ್ರಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಒಂದು ಮಾತಿನ ಉತ್ತರ ಕೊಡುವ ಮೊದಲು, ಪಾಳೆಗಾರ ಎಂದರೆ ಯಾರು, ಬಲಂ ಎಲ್ಲಿತ್ತು, 1799ರಲ್ಲಿ ಮೈಸೂರಿನಲ್ಲಿ ಏನು ಬದಲಾಯಿತು ಎಂಬುದನ್ನು ತಿಳಿದುಕೊಳ್ಳಬೇಕು. ಅವನು ಕಂಪನಿಯ ವಿರುದ್ಧ ಹೋರಾಡಿದನೇ ಇಲ್ಲವೇ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಹೋರಾಟವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬಲ್ಲಿಯೇ ಜಗಳ ಇರುವುದು.

ಪಾಳೆಗಾರ ಎಂದರೆ ಯಾರು?

ವಿಜಯನಗರದ ಕಾಲದಿಂದ ಬಂದ ವ್ಯವಸ್ಥೆಯಲ್ಲಿ ದೊಡ್ಡ ಅರಸು ತನ್ನ ರಾಜ್ಯದ ದೂರದ ಸೀಮೆಗಳನ್ನು ನೇರವಾಗಿ ಆಳುತ್ತಿರಲಿಲ್ಲ. ಒಂದೊಂದು ಸೀಮೆಯನ್ನೂ ಒಬ್ಬ ನಾಯಕನ ವಶಕ್ಕೆ ಬಿಡಲಾಗುತ್ತಿತ್ತು. ಆ ನಾಯಕ ತನ್ನ ಸೀಮೆಯ ಕಂದಾಯ ಎತ್ತಿ, ಅದರಲ್ಲಿ ಗೊತ್ತುಮಾಡಿದ ಭಾಗವನ್ನು ಕಾಣಿಕೆಯಾಗಿ ಮೇಲಿನವರಿಗೆ ಕಳಿಸಿ, ಯುದ್ಧ ಬಂದಾಗ ಆಳುಗಳನ್ನು ಕರೆದುಕೊಂಡು ಹೋಗಬೇಕಾಗಿತ್ತು. ಉಳಿದಂತೆ ಊರಿನ ನ್ಯಾಯ, ಕಾವಲು, ದೇವಸ್ಥಾನದ ದತ್ತಿ, ಕೆರೆಕಟ್ಟೆಗಳೆಲ್ಲ ಅವನದೇ ಜವಾಬ್ದಾರಿಯಾಗಿದ್ದವು. 1565ರ ಯುದ್ಧದ ನಂತರ ವಿಜಯನಗರ ಕುಸಿಯುತ್ತಾ ಹೋದಂತೆ ಈ ನಾಯಕರಲ್ಲಿ ಹಲವರು ಅರ್ಧ ಸ್ವತಂತ್ರರಾದರು. ಬಲ ಕೂಡಿಬಂದ ಇಕ್ಕೇರಿ, ಮೈಸೂರಿನಂಥ ಮನೆತನಗಳು ದೊಡ್ಡ ರಾಜ್ಯಗಳನ್ನು ಕಟ್ಟಿದವು. ಉಳಿದವರು ಸುತ್ತಲಿನ ದೊಡ್ಡವರಲ್ಲಿ ಯಾರ ಕೈ ಮೇಲಾಗುತ್ತದೆಯೋ ಅವರಿಗೆ ಕಾಣಿಕೆ ಕೊಟ್ಟು ತಮ್ಮ ಸೀಮೆಯನ್ನು ಉಳಿಸಿಕೊಂಡರು. ಪಾಳೆಗಾರರೆಂದು ನಾವು ಕರೆಯುವುದು ಹೆಚ್ಚಾಗಿ ಇವರನ್ನೇ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪಾಳೆಗಾರನ ನಿಷ್ಠೆ ಷರತ್ತಿನದು. ಮೇಲಿನ ಅರಸು ಬದಲಾದರೆ ಕಾಣಿಕೆ ಹೋಗುವ ದಿಕ್ಕು ಬದಲಾಗುತ್ತಿತ್ತೇ ಹೊರತು ಸೀಮೆಯ ಮೇಲಿನ ತನ್ನ ಹಕ್ಕು ಬದಲಾಗುತ್ತದೆಂದು ಅವನು ಒಪ್ಪುತ್ತಿರಲಿಲ್ಲ. ಇಂದಿನ ಕಣ್ಣಿಗೆ ಇದು ಪಕ್ಷಾಂತರದಂತೆ ಕಾಣಬಹುದು. ಅಂದಿನ ಲೆಕ್ಕದಲ್ಲಿ ಅದು ಮನೆತನದ ಧರ್ಮವಾಗಿತ್ತು.

ಬಲಂ ಎಲ್ಲಿತ್ತು, ಯಾರಿಗೆ ಬೇಕಾಗಿತ್ತು?

ಈ ನಾಯಕರ ವಂಶಕ್ಕೆ ಮೊದಲು ಬೇಲೂರು ಕೇಂದ್ರವಾಗಿತ್ತು. 17ನೇ ಶತಮಾನದ ಕೊನೆಯಲ್ಲಿ ಮೈಸೂರು ಮತ್ತು ಇಕ್ಕೇರಿ ರಾಜ್ಯಗಳು ಕಾದಾಡಿ ರಾಜಿಯಾದಾಗ ಬೇಲೂರಿನ ಬಯಲು ಭಾಗ ಅವರ ಕೈತಪ್ಪಿತು. ಪಶ್ಚಿಮಕ್ಕಿದ್ದ ಮಲೆಯ ಭಾಗ ಮಾತ್ರ ಉಳಿದು, ಐಗೂರು ಅವರ ನೆಲೆಯಾಯಿತು. ಇಂದಿನ ಸಕಲೇಶಪುರ ತಾಲ್ಲೂಕಿನ ಬಹುಭಾಗ ಆ ಸೀಮೆಗೆ ಸೇರುತ್ತದೆ. ದಾಖಲೆಗಳಲ್ಲಿ ಬಲಂ, ಐಗೂರು, ಮಂಜರಾಬಾದ್ ಎಂಬ ಮೂರು ಹೆಸರುಗಳು ಸರಿಸುಮಾರು ಒಂದೇ ಪ್ರದೇಶಕ್ಕೆ ಬರುವುದರಿಂದ ಓದುವವರು ಗೊಂದಲಕ್ಕೆ ಬೀಳಬೇಕಾಗಿಲ್ಲ.

ಸೀಮೆ ಚಿಕ್ಕದು, ಕಂದಾಯವೂ ದೊಡ್ಡದಲ್ಲ. ಆದರೂ ದೊಡ್ಡ ದೊಡ್ಡ ಶಕ್ತಿಗಳು ಅದರ ಮೇಲೆ ಕಣ್ಣಿಟ್ಟದ್ದಕ್ಕೆ ಕಾರಣ ಘಟ್ಟದ ದಾರಿ. ಮಂಗಳೂರಿನ ಕಡೆಯ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಅಕ್ಕಿ, ಉಪ್ಪು, ಮದ್ದುಗುಂಡು, ಸೈನ್ಯ ಯಾವುದು ಬರಬೇಕಾದರೂ ಪಶ್ಚಿಮಘಟ್ಟವನ್ನು ಹತ್ತಬೇಕು, ಮತ್ತು ಹತ್ತುವ ದಾರಿಗಳಲ್ಲಿ ಬಿಸಿಲೆ ಘಾಟಿಯಂಥ ಮುಖ್ಯವಾದವು ಬಲಂ ಸೀಮೆಯೊಳಗೆ ಬಂದು ತೆರೆಯುತ್ತಿದ್ದವು. ಸೀಮೆಯ ನಾಯಕ ಮನಸ್ಸು ಮಾಡಿದರೆ ದಾರಿ ಬಂದ್ ಆಗುತ್ತಿತ್ತು.

ಇದನ್ನು ಟಿಪ್ಪು ಸುಲ್ತಾನ್ ಎಷ್ಟು ಚೆನ್ನಾಗಿ ಅರಿತಿದ್ದನೆಂಬುದಕ್ಕೆ ಸಾಕ್ಷಿ ಬೆಂಗಳೂರು–ಮಂಗಳೂರು ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಇಂದಿಗೂ ನಿಂತಿದೆ. 1792ರಲ್ಲಿ ಅವನು ಕಟ್ಟಿಸಿದ ಮಂಜರಾಬಾದ್ ಕೋಟೆ ನಮ್ಮ ಸೀಮೆಯ ಬೇರೆ ಯಾವ ಕೋಟೆಯಂತೆಯೂ ಇಲ್ಲ. ಮೇಲಿನಿಂದ ನೋಡಿದರೆ ಎಂಟು ಮೂಲೆಗಳ ನಕ್ಷತ್ರ. ಒಂದೊಂದು ಚಾಚಿನಿಂದಲೂ ಪಕ್ಕದ ಚಾಚಿನ ಗೋಡೆಯ ಬುಡಕ್ಕೆ ಗುಂಡು ಹಾರಿಸಬಹುದಾದ್ದರಿಂದ ಏಣಿ ಹಾಕಲು ಬಂದವನಿಗೆ ಅಡಗಿಕೊಳ್ಳಲು ಜಾಗ ಸಿಗುವುದಿಲ್ಲ. ಯೂರೋಪಿನಲ್ಲಿ ಫಿರಂಗಿಗಳ ಕಾಲಕ್ಕೆಂದು ಬೆಳೆದ ಈ ವಿನ್ಯಾಸವನ್ನು ಫ್ರೆಂಚರ ಸಂಪರ್ಕದಿಂದ ಮೈಸೂರು ಪಡೆದಿತ್ತು. ಒಳಗೆ ಅಂಗಳದ ನಡುವೆ ಮೆಟ್ಟಿಲುಗಳಿಳಿಯುವ ಕೊಳ, ಗೋಡೆಯುದ್ದಕ್ಕೂ ಕೋವಿಯ ಕಿಂಡಿಗಳು, ಸಾಲಾಗಿ ಕಾವಲು ಕೋಣೆಗಳು. ದಾರಿಯನ್ನು ಕಾಯುವುದರ ಜೊತೆಗೆ ಆ ಸೀಮೆಯ ನಾಯಕನನ್ನೂ ಕಾಯುವ ಕೋಟೆ ಅದು. ಇಲ್ಲಿಗೆ ಬಂದು ಫೋಟೊ ತೆಗೆದುಕೊಂಡು ಹೋಗುವವರಲ್ಲಿ ಹೆಚ್ಚಿನವರಿಗೆ ಈ ಎರಡನೆಯ ಉದ್ದೇಶ ಗೊತ್ತಿರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಹಿಂದಿನ ನಾಯಕನ ಕಾಲದ ರಾಜಕೀಯ

ಕೋಟೆ ಕಟ್ಟಿದ 1792ನೇ ವರ್ಷ ಆಕಸ್ಮಿಕವಲ್ಲ. ಅದಕ್ಕೆ ಹಿಂದೆಯೇ ಮೂರನೆಯ ಮೈಸೂರು ಯುದ್ಧ ನಡೆದು, ಬ್ರಿಟಿಷರು, ಮರಾಠರು ಮತ್ತು ಹೈದರಾಬಾದಿನ ನಿಜಾಮ ಒಟ್ಟಾಗಿ ಟಿಪ್ಪುವಿನ ಮೇಲೆ ಬಿದ್ದಿದ್ದರು. ಆ ಯುದ್ಧದಲ್ಲಿ ಬಲಂ ನಾಯಕನಾಗಿದ್ದ ಕೃಷ್ಣಪ್ಪ ನಾಯಕ ಮರಾಠಾ ಸೇನಾಪತಿ ಪರಶುರಾಮ ಭಾವುವಿನ ಪಡೆಯನ್ನು ಸೇರಿಕೊಂಡನು. ಅಂದರೆ ಅವನು ಬ್ರಿಟಿಷರ ಮಿತ್ರಕೂಟದ ಕಡೆಗಿದ್ದನು. ಯುದ್ಧ ಮುಗಿದು ಟಿಪ್ಪು ಗದ್ದುಗೆಯಲ್ಲಿಯೇ ಉಳಿದಾಗ ಕೃಷ್ಣಪ್ಪ ನಾಯಕ ಹೆದರಿ ಕೊಡಗಿಗೆ ಹೋದನೆಂದೂ, ಟಿಪ್ಪುವೇ ಭರವಸೆ ಕೊಟ್ಟು ಕರೆಸಿಕೊಂಡು ಸೀಮೆಯ ಒಂದು ಭಾಗವನ್ನು ಅವನಿಗೆ ಮರಳಿಸಿ ಉಳಿದದ್ದನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡನೆಂದೂ ಮೈಸೂರಿನ ಗೆಜೆಟಿಯರು ದಾಖಲಿಸುತ್ತದೆ. ಆ ಕೃಷ್ಣಪ್ಪನ ನಂತರ ಬಂದವನು ವೆಂಕಟಾದ್ರಿ ನಾಯಕ.

ವೆಂಕಟಾದ್ರಿಯನ್ನು ಹೊಗಳುವ ಬರಹಗಳು ಈ ಹಿನ್ನೆಲೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ತೆಗಳುವವರು ಇದೊಂದನ್ನೇ ಹಿಡಿದು, ಬ್ರಿಟಿಷರ ಪಕ್ಷದಲ್ಲಿದ್ದ ಮನೆತನಕ್ಕೆ ಸ್ವಾತಂತ್ರ್ಯದ ಮಾತೆಲ್ಲಿಯದು ಎಂದು ಕೇಳುತ್ತಾರೆ. ಎರಡೂ ಅವಸರದ ಮಾತುಗಳೇ. 1792ರಲ್ಲಿ ಬಲಂ ನಾಯಕರ ತಲೆಯ ಮೇಲೆ ಕುಳಿತಿದ್ದವನು ಟಿಪ್ಪು. ಕಂಪನಿ ಇನ್ನೂ ಘಟ್ಟದ ಆಚೆಯ ಹೆಸರಾಗಿತ್ತು. ಏಳು ವರ್ಷಗಳಲ್ಲಿ ಆ ಸ್ಥಿತಿ ತಿರುವುಮುರುವಾಯಿತು.

1799ರಲ್ಲಿ ಬದಲಾದದ್ದೇನು?

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದನು. ಅವನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಕರಾವಳಿಯ ಕೆನರಾ ಜಿಲ್ಲೆಯನ್ನೂ ಕೊಯಮತ್ತೂರಿನ ಕಡೆಯ ಪ್ರದೇಶಗಳನ್ನೂ ಕಂಪನಿ ಇಟ್ಟುಕೊಂಡಿತು. ಒಂದಷ್ಟು ನಿಜಾಮನಿಗೆ ಹೋಯಿತು. ನಡುವಿನ ಭಾಗವನ್ನು ಹಳೆಯ ಒಡೆಯರ ಮನೆತನಕ್ಕೆ ಮರಳಿಸಿ, ಸುಮಾರು 5 ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಲಾಯಿತು. ಆಡಳಿತವನ್ನು ದಿವಾನ್ ಪೂರ್ಣಯ್ಯನವರು ನಡೆಸಿದರು. ಆದರೆ ಈ ರಾಜ್ಯ ಪೂರ್ತಿ ಸ್ವತಂತ್ರವಾಗಿರಲಿಲ್ಲ. ಸಹಾಯಕ ಸೈನ್ಯದ ಒಪ್ಪಂದದಂತೆ ಕಂಪನಿಯ ಸೈನ್ಯ ಮೈಸೂರಿನಲ್ಲಿಯೇ ನೆಲೆಸುವುದೆಂದೂ ಅದರ ಖರ್ಚಿಗಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡುವುದೆಂದೂ ಗೊತ್ತಾಯಿತು. ಸೈನ್ಯದ ಅಧಿಕಾರ ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಯಲ್ಲಿತ್ತು. ಮುಂದೆ 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ.

ಈ ಹಂಚಿಕೆಯಲ್ಲಿ ಬಲಂ ಸೀಮೆ ಮೈಸೂರಿನ ಪಾಲಿಗೆ ಬಂತು. ಬಲಂ ನಾಯಕನನ್ನು ಯಾರೂ ಕೇಳಲಿಲ್ಲ. ಇಲ್ಲಿಂದಲೇ ಎರಡು ವಾದಗಳು ಕವಲೊಡೆಯುತ್ತವೆ.

ಮಲೆನಾಡಿನವರಿಗೆ ಪರಿಚಿತವಾದ ಒಂದು ಹೋಲಿಕೆಯಿಂದ ಇದನ್ನು ವಿವರಿಸಬಹುದು. ತಲೆಮಾರುಗಳಿಂದ ಒಂದು ಮನೆತನ ಒಂದು ತೋಟವನ್ನು ನೋಡಿಕೊಂಡು, ಬೆಳೆಯ ಪಾಲನ್ನು ಪೇಟೆಯ ಧಣಿಗೆ ಕಳಿಸುತ್ತಾ ಬಂದಿದೆ ಎಂದಿಟ್ಟುಕೊಳ್ಳಿ. ಧಣಿಗೂ ಅವನ ಸಾಲಗಾರರಿಗೂ ವ್ಯಾಜ್ಯ ನಡೆದು ಧಣಿ ಸೋಲುತ್ತಾನೆ. ಗೆದ್ದವರು ಬಂದು, ಧಣಿಯ ಆಸ್ತಿಯೆಲ್ಲ ನಮ್ಮದಾಗಿರುವುದರಿಂದ ತೋಟದ ಬೀಗದ ಕೈಗಳನ್ನು ಒಪ್ಪಿಸಿ ಎನ್ನುತ್ತಾರೆ. ಮನೆತನದವರು, ಧಣಿಗೆ ನಾವು ಪಾಲು ಕೊಡುತ್ತಿದ್ದೆವೇ ಹೊರತು ತೋಟ ಅವನದಾಗಿರಲಿಲ್ಲ, ಅವನದಲ್ಲದ್ದನ್ನು ನೀವು ಗೆದ್ದುಕೊಂಡದ್ದು ಹೇಗೆ ಎಂದು ಕೇಳುತ್ತಾರೆ.

ಕಂಪನಿಯ ಮತ್ತು ಮೈಸೂರಿನ ವಾದ ಮೊದಲನೆಯದು. ಬಲಂ ಟಿಪ್ಪುವಿನ ರಾಜ್ಯದ ಭಾಗವಾಗಿತ್ತು, ಒಪ್ಪಂದದ ಪ್ರಕಾರ ಮೈಸೂರಿಗೆ ಸೇರಿತು, ಆದ್ದರಿಂದ ವೆಂಕಟಾದ್ರಿ ಮೈಸೂರಿನ ಪ್ರಜೆ, ಆಯುಧ ಹಿಡಿದರೆ ರಾಜದ್ರೋಹಿ. ವೆಂಕಟಾದ್ರಿಯ ನಡೆಯಲ್ಲಿ ಕಾಣುವ ವಾದ ಎರಡನೆಯದು. ಟಿಪ್ಪುವಿನ ಅಂತ್ಯದೊಂದಿಗೆ ಹಳೆಯ ಕಟ್ಟು ಕಡಿಯಿತು, ಸೀಮೆ ಮತ್ತೆ ತನ್ನದು. ಯಾವ ವಾದವನ್ನು ಒಪ್ಪುತ್ತೇವೆ ಎಂಬುದರ ಮೇಲೆ ಅವನು ದ್ರೋಹಿಯೋ ಸ್ವತಂತ್ರ ನಾಯಕನೋ ಎಂಬುದು ನಿಲ್ಲುತ್ತದೆ. ವಿವಾದದ ತಾಯಿಬೇರು ಇದು.

ಕಾಡೇ ಕೋಟೆ

ಬಲಂ ನಾಯಕ ತನ್ನ ಕೊನೆಯ ಹೋರಾಟಕ್ಕೆ ಆರಿಸಿಕೊಂಡದ್ದು ಕಲ್ಲಿನ ಕೋಟೆಯನ್ನಲ್ಲ. ಕಂಪನಿಯ ಪತ್ರಗಳು ಅರಕೆರೆ ಎಂದು ಕರೆಯುವ ಅವನ ನೆಲೆ, ಅವರದೇ ವರ್ಣನೆಯಂತೆ, ಕೋಟೆಯಾಗಿ ಮಾರ್ಪಟ್ಟ ಒಂದು ದಟ್ಟ ಕಾಡು. ಹೊರಗಿನಿಂದ ನೋಡಿದವರಿಗೆ ಮರ, ಬಿದಿರು, ಮುಳ್ಳುಪೊದೆಗಳ ಹೊರತು ಏನೂ ಕಾಣದು. ಒಳಗೆ ಹೋಗುವ ದಾರಿಗಳು ಕೆಲವೇ, ಅವೂ ಇಕ್ಕಟ್ಟು. ಆ ದಾರಿಗಳಿಗೆ ಅಡ್ಡಲಾಗಿ ಕಂದಕಗಳು, ತಡೆಗಳು, ಬಾಗಿಲುಗಳು. ಬಯಲಿನಲ್ಲಿ ಸಾಲುಗಟ್ಟಿ ನಿಂತು ಒಟ್ಟಿಗೆ ಗುಂಡು ಹಾರಿಸಿ ಗೆಲ್ಲುವ ಕಂಪನಿ ಸೈನ್ಯದ ಪಳಗಿದ ಯುದ್ಧಕ್ರಮ ಇಂಥ ಕಡೆ ಕೆಲಸಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಸಾಲುಗಟ್ಟಲು ಜಾಗವಿಲ್ಲ, ಗುರಿ ಕಾಣುವುದಿಲ್ಲ, ಫಿರಂಗಿಯನ್ನು ಎಳೆದೊಯ್ಯಲು ದಾರಿಯಿಲ್ಲ. ಅದರ ಜೊತೆಗೆ ಮಲೆನಾಡಿನ ಹಳ್ಳಿಗಳೇ ಒಂದೊಂದು ಚಿಕ್ಕ ಠಾಣೆಗಳಂತಿದ್ದವು. ಊರಿನ ಸುತ್ತ ಬೇಲಿ ಮತ್ತು ಕಂದಕ, ಒಳಗೆ ಬರುವ ದಾರಿಗೆ ಉಕ್ಕಡದ ಕಾವಲು, ಮನೆಮನೆಯಲ್ಲೂ ಆಯುಧ.

1800ರ ಏಪ್ರಿಲ್ ಮೊದಲಲ್ಲಿ ಕಂಪನಿಯ ಪಡೆ ಮಾಡಿದ ದಾಳಿಯನ್ನು ಬಲಂನ ಆಳುಗಳು ಹಿಮ್ಮೆಟ್ಟಿಸಿದರು. ಶ್ರೀರಂಗಪಟ್ಟಣವನ್ನೇ ಗೆದ್ದು ಒಂದು ವರ್ಷವೂ ತುಂಬಿರದ ಸೈನ್ಯಕ್ಕೆ ಇದು ಸಣ್ಣ ಮುಖಭಂಗವಲ್ಲ. ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ಹೆಚ್ಚಿನ ಬಲದೊಂದಿಗೆ ಬಂದು, ಸಾವುನೋವು ಅನುಭವಿಸಿ, ಆ ಕಾಡನ್ನು ವಶಪಡಿಸಿಕೊಂಡನು. ಆದರೆ ನಾಯಕ ಸಿಗಲಿಲ್ಲ. ಅಷ್ಟರಲ್ಲಿ ಉತ್ತರದಲ್ಲಿ ಇನ್ನೊಂದು ದೊಡ್ಡ ಕಿಚ್ಚು ಎದ್ದಿತ್ತು. ಚನ್ನಗಿರಿ ಮೂಲದ ಧೋಂಡಿಯಾ ವಾಘ್, ಟಿಪ್ಪುವಿನ ಪತನದ ದಿನ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದವನು, ಚೆದುರಿದ ಸೈನಿಕರನ್ನು ಕೂಡಿಸಿಕೊಂಡು ಸಾವಿರಾರು ಕುದುರೆಗಳ ಪಡೆ ಕಟ್ಟಿದ್ದನು. ವೆಲ್ಲೆಸ್ಲಿ ಬಲಂ ವಿಚಾರವನ್ನು ಅಷ್ಟಕ್ಕೇ ಬಿಟ್ಟು ಅವನ ಬೆನ್ನು ಹತ್ತಬೇಕಾಯಿತು. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಯುದ್ಧದಲ್ಲಿ ಸತ್ತನು. ಆಮೇಲೆ ವೆಲ್ಲೆಸ್ಲಿಗೆ ಬೇರೆ ಕೆಲಸಗಳು ಬಿದ್ದು, ಅವನು ಮೈಸೂರಿನಿಂದ ಹೊರಗೆ ಹೋಗಿ 1801ರಲ್ಲಿ ಮರಳಿದನು. ಈ ಬಿಡುವಿನಲ್ಲಿ ಬಲಂ ನಾಯಕ ಮತ್ತೆ ತನ್ನ ಸೀಮೆಯಲ್ಲಿ ನೆಲೆಯೂರಿದನು.

1802ರ ಜನವರಿಯಲ್ಲಿ ವೆಲ್ಲೆಸ್ಲಿ ತಾನೇ ಬಂದನು. ಜನವರಿ ಎಂಬುದನ್ನು ಗಮನಿಸಬೇಕು. ಜೂನ್ ಹಿಡಿದರೆ ಈ ಸೀಮೆಯಲ್ಲಿ ಹಳ್ಳಗಳು ತುಂಬಿ ದಾರಿಗಳು ಕಟ್ಟಿಹೋಗುತ್ತವೆ, ಮದ್ದು ನೆನೆಯುತ್ತದೆ. ಹೊರಗಿನ ಸೈನ್ಯಕ್ಕೆ ಮಲೆನಾಡಿನಲ್ಲಿ ಸಿಗುವ ಕಾಲ ಸುಗ್ಗಿಯಿಂದ ಮುಂಗಾರಿನವರೆಗೆ ಮಾತ್ರ. ಮೈಸೂರಿನ ಪಡೆಯೂ ಜೊತೆಗಿತ್ತು. ಜನವರಿ 16ರಂದು ಅರಕೆರೆಯ ಕಾಡಿನ ಮೇಲೆ ಏಕಕಾಲಕ್ಕೆ ಹಲವು ದಿಕ್ಕುಗಳಿಂದ ದಾಳಿ ನಡೆದು ನೆಲೆ ಬಿದ್ದಿತು. ನಾಯಕ ಈ ಸಲವೂ ತಪ್ಪಿಸಿಕೊಂಡನು.

ಮುಂದಿನ ಕೆಲವು ವಾರಗಳಲ್ಲಿ ನಡೆದದ್ದು ಯುದ್ಧಕ್ಕಿಂತ ಹೆಚ್ಚು ಮುಖ್ಯ ಎಂದು ನನಗನ್ನಿಸುತ್ತದೆ. ವೆಲ್ಲೆಸ್ಲಿ ಸೀಮೆಯೊಳಗೇ ಉಳಿದು ಹಳ್ಳಿಗಳ ಬೇಲಿ ಮತ್ತು ಕಂದಕಗಳನ್ನು ಕೆಡವಿಸಿದನು, ಆಯುಧಗಳನ್ನು ಒಪ್ಪಿಸುವಂತೆ ಮಾಡಿದನು, ಕಾಡಿನ ನಡುವೆ ಸೈನ್ಯ ಸಾಗುವ ದಾರಿಗಳನ್ನು ಕಡಿಸಿದನು. ನಾಯಕನೊಬ್ಬನೇ ಶತ್ರುವಾಗಿದ್ದರೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಹಳ್ಳಿಗಳ ಆಸರೆಯಿಂದಲೇ ನಾಯಕ ಉಳಿದಿದ್ದಾನೆಂಬುದು ಅವನ ಬೇಟೆಗೆ ಬಂದವರಿಗೆ ಮನವರಿಕೆಯಾಗಿತ್ತು. ಫೆಬ್ರುವರಿ 9ರಂದು ನಾಯಕ ಸೆರೆಸಿಕ್ಕನು. ಮರುದಿನ, 1802ರ ಫೆಬ್ರುವರಿ 10ರಂದು, ಅವನನ್ನು ತನ್ನ ಅನುಚರರೊಂದಿಗೆ ನೇಣಿಗೇರಿಸಲಾಯಿತು. ಯುದ್ಧದಲ್ಲಿ ಸೋತ ಟಿಪ್ಪುವಿನ ಮಕ್ಕಳನ್ನು ವಿಶ್ರಾಂತಿವೇತನ ಕೊಟ್ಟು ವೆಲ್ಲೂರಿಗೆ ಕಳಿಸಿದ ಕಂಪನಿ, ಬಲಂ ನಾಯಕನಿಗೆ ಒಂದು ದಿನದ ಗಡುವನ್ನೂ ಕೊಡಲಿಲ್ಲ. ಮೊದಲನೆಯವರು ಅವರ ಲೆಕ್ಕದಲ್ಲಿ ಸೋತ ರಾಜಕುಮಾರರು, ಎರಡನೆಯವನು ದ್ರೋಹಿ.

ತಕರಾರು ಇರುವುದೆಲ್ಲಿ?

ಮೊದಲ ತಕರಾರು ರಾಷ್ಟ್ರದ ಕಲ್ಪನೆಯದು. ಸ್ವಾತಂತ್ರ್ಯ ಹೋರಾಟ ಎಂದಾಗ ನಮ್ಮ ಮನಸ್ಸಿಗೆ ಬರುವುದು ಇಡೀ ಭಾರತ ಒಂದು ದೇಶ, ಅದರ ಜನರೆಲ್ಲ ಪ್ರಜೆಗಳು, ಆಳುವ ಹಕ್ಕು ಅವರದು ಎಂಬ ಭಾವನೆ. 1802ರಲ್ಲಿ ಈ ಭಾವನೆ ಯಾವ ನಾಯಕನಲ್ಲೂ ಇರಲು ಸಾಧ್ಯವಿರಲಿಲ್ಲ. ವೆಂಕಟಾದ್ರಿ ಕಾದಾಡಿದ್ದು ಬಲಂಗಾಗಿ. ಆದರೆ ಈ ಅಳತೆಗೋಲನ್ನು ಅವನೊಬ್ಬನಿಗೇ ಹಿಡಿಯುವುದು ನ್ಯಾಯವಲ್ಲ. 1824ರಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆಯ ಪಡೆಯನ್ನು ಎದುರಿಸಿದ ಕಿತ್ತೂರು ರಾಣಿ ಚೆನ್ನಮ್ಮ ತನ್ನ ಸಂಸ್ಥಾನದ ದತ್ತುಹಕ್ಕಿಗಾಗಿ ಕಾದಾಡಿದಳು. 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣ ಆ ಸಂಸ್ಥಾನವನ್ನು ಮರಳಿ ಕಟ್ಟಲು ಕಾದಾಡಿದನು. ಇವರನ್ನು ಸ್ವಾತಂತ್ರ್ಯ ಹೋರಾಟದ ಮುಂಬೆಳಗಿನವರೆಂದು ಕರ್ನಾಟಕ ಒಪ್ಪಿಕೊಂಡಿದೆ. ಸೀಮೆಗಾಗಿ ಕಾದಾಡಿದ್ದೇ ಕೊರತೆ ಎನ್ನುವುದಾದರೆ ಆ ಕೊರತೆ ಎಲ್ಲರಿಗೂ ತಗಲುತ್ತದೆ.

ಹಾಗಾದರೆ ಕಿತ್ತೂರಿಗೆ ಸಿಕ್ಕ ಸ್ಥಾನ ಬಲಂಗೆ ಏಕೆ ಸಿಗಲಿಲ್ಲ? ಎರಡನೆಯ ಮತ್ತು ಹೆಚ್ಚು ಗಟ್ಟಿಯಾದ ತಕರಾರು ಇಲ್ಲಿದೆ. ಕಿತ್ತೂರಿನ ಎದುರಿಗೆ ಇದ್ದದ್ದು ಕಂಪನಿ ಮಾತ್ರ. ಬಲಂನ ಎದುರಿಗೆ ಕಂಪನಿಯ ಜೊತೆಗೆ ಮೈಸೂರು ಸರ್ಕಾರವೂ ಇತ್ತು, ಪೂರ್ಣಯ್ಯನವರೂ ಇದ್ದರು. ಹಳೆಯ ಮೈಸೂರಿನ ಜನರಿಗೆ ಒಡೆಯರ ಮನೆತನ ಪ್ರೀತಿಯದು. ಕೆರೆ, ಕಾಲುವೆ, ಶಾಲೆ, ಆಸ್ಪತ್ರೆಗಳ ಮೂಲಕ ಮುಂದಿನ ಒಂದೂವರೆ ಶತಮಾನದಲ್ಲಿ ಗಳಿಸಿದ ಪ್ರೀತಿ ಅದು. ಆ ಮನೆತನದ ರಾಜ್ಯ ಮರಳಿ ಹುಟ್ಟಿದ ಮೊದಲ ವರ್ಷಗಳಲ್ಲಿ ಅದಕ್ಕೆ ಎದುರು ನಿಂತವನನ್ನು ವೀರನೆಂದು ಬರೆಯಲು ಮೈಸೂರಿನ ಆಡಳಿತದ ಒಳಗಿನಿಂದಲೇ ಬಂದ ಇತಿಹಾಸಗಳಿಗೆ ಮನಸ್ಸಾಗಲಿಲ್ಲ. ಪೂರ್ಣಯ್ಯನವರ ದೃಷ್ಟಿಯಿಂದ ನೋಡಿದರೆ, ಯುದ್ಧಗಳಿಂದ ಬಳಲಿದ ರಾಜ್ಯದಲ್ಲಿ ಸುವ್ಯವಸ್ಥೆ ತರಬೇಕಾದವರಿಗೆ ಘಟ್ಟದ ದಾರಿಯ ಮೇಲೆ ಕುಳಿತ ಸ್ವತಂತ್ರ ನಾಯಕ ಅಡ್ಡಿಯೇ ಸರಿ. ಹಾಗೆಂದು ಆ ಅಡ್ಡಿಯನ್ನು ತೆಗೆದ ಸೈನ್ಯ ಯಾರದು, ಆ ದಾರಿ ತೆರೆದುಕೊಂಡದ್ದು ಮುಖ್ಯವಾಗಿ ಯಾರಿಗಾಗಿ ಎಂಬ ಪ್ರಶ್ನೆಗಳು ಇಲ್ಲವಾಗುವುದಿಲ್ಲ. ಕೆನರಾ ಆಗ ಕಂಪನಿಯದಾಗಿತ್ತು.

ಮೂರನೆಯದು ಬರಿಯ ಕಾಲದ ಗೆರೆ. ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತು ಸಿದ್ಧಪಡಿಸಿ 2019ರಲ್ಲಿ ಬಿಡುಗಡೆಯಾದ ಸ್ವಾತಂತ್ರ್ಯ ಹುತಾತ್ಮರ ಕೋಶ 1857ರಿಂದ 1947ರವರೆಗಿನ ಅವಧಿಗೆ ಸೀಮಿತವಾಗಿದೆ. ಅದರಲ್ಲಿ ವೆಂಕಟಾದ್ರಿಯ ಹೆಸರನ್ನು ಹುಡುಕಿ ಸಿಗಲಿಲ್ಲವೆಂದು, ಕೇಂದ್ರ ಸರ್ಕಾರ ಅವನನ್ನು ಒಪ್ಪಿಲ್ಲ ಎಂದು ತೀರ್ಮಾನಿಸುವುದು ತಪ್ಪು. ಗೆರೆ 1857ಕ್ಕೆ ಹಾಕಿರುವುದರಿಂದ ಅದಕ್ಕಿಂತ ಹಿಂದಿನ ಯಾರೂ ಅದರೊಳಗೆ ಬರಲಾರರು. ಜಿಲ್ಲೆಯ ಸ್ವಾತಂತ್ರ್ಯ ಯೋಧರ ಪಟ್ಟಿಗಳೂ ಹಾಗೆಯೇ. ಅವು 1942ರ ಚಳವಳಿ ಮತ್ತು 1947ರ ಮೈಸೂರು ಚಲೋ ಕಾಲದಲ್ಲಿ ಸೆರೆಮನೆ ಕಂಡವರ ಗೌರವಧನದ ಉದ್ದೇಶಕ್ಕಾಗಿ ಆದವು.

ಇನ್ನು, ಕೆಲವರು ವೆಂಕಟಾದ್ರಿಗೆ ಕೊಡುವ, ಭಾರತದ ಮೊದಲ ಸ್ವಾತಂತ್ರ್ಯ ಹೋರಾಟಗಾರ ಎಂಬ ಬಿರುದಿನ ಮಾತು. ಇದು ನಿಲ್ಲುವುದಿಲ್ಲ. ತಮಿಳುನಾಡಿನ ವೀರಪಾಂಡ್ಯ ಕಟ್ಟಬೊಮ್ಮನ್ 1799ರ ಅಕ್ಟೋಬರ್ 16ರಂದೇ ಕಂಪನಿಯ ನೇಣಿಗೆ ಬಲಿಯಾಗಿದ್ದನು. ಅವನಿಗೂ ಹಿಂದಿನವರು ಇದ್ದಾರೆ. ಅಭಿಮಾನಕ್ಕೆ ಸುಳ್ಳಿನ ಆಸರೆ ಬೇಕಾಗಿಲ್ಲ.

ತಮಿಳುನಾಡಿನ ಪಾಠದಲ್ಲಿರುವ ಬಲಂ ನಾಯಕ

ನಮ್ಮವರಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿ ಎಂದರೆ, ಬಲಂ ನಾಯಕ ತಮಿಳುನಾಡಿನ ಶಾಲಾಮಕ್ಕಳಿಗೆ ಪಾಠವಾಗಿದ್ದಾನೆ. 1800–1801ರಲ್ಲಿ ಶಿವಗಂಗೆಯ ಮರುದು ಸಹೋದರರು ಕಂಪನಿಯ ವಿರುದ್ಧ ಕಟ್ಟಿದ ದಕ್ಷಿಣ ಭಾರತದ ಕೂಟವನ್ನು ವಿವರಿಸುವಾಗ ಅಲ್ಲಿನ ಪಠ್ಯಗಳು ದಿಂಡಿಗಲ್ಲಿನ ಗೋಪಾಲ ನಾಯಕ, ಮಲಬಾರಿನ ಕೇರಳವರ್ಮ, ಮೈಸೂರಿನ ಧೋಂಡಿಯಾ ಇವರೊಡನೆ ಕೃಷ್ಣಪ್ಪ ನಾಯಕ ಎಂಬ ಹೆಸರನ್ನೂ ಹೇಳುತ್ತವೆ. ಈ ಕೃಷ್ಣಪ್ಪ ನಾಯಕ ಎಂದರೆ 1802ರಲ್ಲಿ ನೇಣಿಗೇರಿದ ಬಲಂ ನಾಯಕನೇ. ಕಂಪನಿಯ ಪತ್ರಗಳಲ್ಲಿ ಬಲಂ ರಾಜನಿಗೆ ಈ ಹೆಸರು ಬಂದಿರುವುದರಿಂದ ಆ ಮೂಲವನ್ನು ಅನುಸರಿಸಿದ ಬರಹಗಳು ಕೃಷ್ಣಪ್ಪ ಎನ್ನುತ್ತವೆ, ಮೈಸೂರಿನ ಗೆಜೆಟಿಯರನ್ನು ಅನುಸರಿಸಿದವು ವೆಂಕಟಾದ್ರಿ ಎನ್ನುತ್ತವೆ. ಒಂದು ಕಡೆ ಓದಿದವರಿಗೆ ಇನ್ನೊಂದು ಕಡೆಯ ವ್ಯಕ್ತಿ ಬೇರೆಯವನೆಂದೇ ಅನ್ನಿಸಿ, ಎರಡು ರಾಜ್ಯಗಳ ನೆನಪುಗಳು ಒಂದನ್ನೊಂದು ಮುಟ್ಟದೆ ಉಳಿದಿವೆ.

ಈ ಕೂಟದ ವಾದಕ್ಕೆ ತೂಕವಿದೆ. ಬಲಂ ನಾಯಕ ಒಬ್ಬಂಟಿಯಾಗಿ ತನ್ನ ಸೀಮೆಗಾಗಿ ಕಾದಾಡಿದನೇ, ಇಲ್ಲವೇ ದಕ್ಷಿಣದುದ್ದಕ್ಕೂ ಹರಡಿದ್ದ ಕಂಪನಿ-ವಿರೋಧಿ ಜಾಲದ ಒಂದು ಕೊಂಡಿಯಾಗಿದ್ದನೇ ಎಂಬುದು ಅವನ ಸ್ಥಾನವನ್ನು ನಿರ್ಧರಿಸುವ ಪ್ರಶ್ನೆ. ಕಾಲವಂತೂ ಹೊಂದಿಕೊಳ್ಳುತ್ತದೆ. ಕಟ್ಟಬೊಮ್ಮನ್ 1799, ಧೋಂಡಿಯಾ 1800, ಮರುದು ಸಹೋದರರು 1801ರ ಅಕ್ಟೋಬರ್, ಬಲಂ 1802, ಕೇರಳವರ್ಮ ಪಳಶ್ಶಿ ರಾಜ 1805. ಆದರೆ ಒಂದೇ ಕಾಲದಲ್ಲಿ ಕಾದಾಡಿದ ಮಾತ್ರಕ್ಕೆ ಒಟ್ಟಾಗಿ ಕಾದಾಡಿದರೆಂದು ಆಗುವುದಿಲ್ಲ. ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಒಂದೇ ಹೊರಗಿನ ಶಕ್ತಿ ಎದುರಾದದ್ದರಿಂದಲೂ ಹಾಗೆ ಆಗಿರಬಹುದು. ಇತಿಹಾಸಕಾರರು ಇಲ್ಲಿ ಒಮ್ಮತಕ್ಕೆ ಬಂದಿಲ್ಲ.

ತರೀಕೆರೆಯನ್ನು ಪಕ್ಕದಲ್ಲಿಟ್ಟು ನೋಡಿದರೆ

ಪಕ್ಕದ ಚಿಕ್ಕಮಗಳೂರು ಜಿಲ್ಲೆಗೂ ಇಂಥದೇ ಪ್ರಶ್ನೆ ಇದೆ. 1830–31ರಲ್ಲಿ ನಗರ (ಹಳೆಯ ಬಿದನೂರು) ಸೀಮೆಯಲ್ಲಿ ಎದ್ದ ನಗರ ದಂಗೆಯಲ್ಲಿ ತರೀಕೆರೆಯ ಪಾಳೆಗಾರ ಮನೆತನದ ರಂಗಪ್ಪ ನಾಯಕ ಮತ್ತು ಸರ್ಜಾ ಹನುಮಪ್ಪ ನಾಯಕ ಮುಂದಾಳುಗಳಾದರು, ಹನುಮಪ್ಪ ನಾಯಕನನ್ನು 1834ರಲ್ಲಿ ನೇಣಿಗೇರಿಸಲಾಯಿತು. ಆದರೆ ಅಲ್ಲಿ ಕಿಚ್ಚು ಮೊದಲು ಹೊತ್ತಿದ್ದು ರೈತರಲ್ಲಿ. ಗುತ್ತಿಗೆಯಂತೆ ನಡೆಯುತ್ತಿದ್ದ ಕಂದಾಯ ವಸೂಲಿಯ ಹಿಂಸೆ ತಾಳಲಾರದೆ ಅವರು ಊರೂರಿಗೆ ಹೇಳಿಕಳಿಸಿ ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು. ಕೆಳದಿಯ ಗದ್ದುಗೆ ತನ್ನದೆಂದ ಬೂದಿ ಬಸವಪ್ಪನೂ ತರೀಕೆರೆಯ ನಾಯಕರೂ ಆ ಅಸಮಾಧಾನದ ಮೇಲೆ ಎದ್ದುನಿಂತರು. ದಂಗೆಯನ್ನು ಅಡಗಿಸಿದ ಕಂಪನಿ, ದುರಾಡಳಿತದ ಕಾರಣ ಹೇಳಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನೇ ಕಿತ್ತುಕೊಂಡಿತು. ಅದು ಮರಳಿ ಬಂದದ್ದು 1881ರಲ್ಲಿ. 1802ರಲ್ಲಿ ಬಲಂ ನಾಯಕನ ವಿರುದ್ಧ ಕಂಪನಿ ಯಾವ ರಾಜ್ಯದ ಹೆ‌ಸರಿನಲ್ಲಿ ಕಾದಾಡಿತೋ ಅದೇ ರಾಜ್ಯ ಮೂವತ್ತು ವರ್ಷದೊಳಗೆ ಕಂಪನಿಯ ಕಮಿಷನರುಗಳ ಕೈಸೇರಿತು.

ನಗರ ದಂಗೆಯಲ್ಲಿ ರೈತರ ದೂರು ಏನೆಂಬುದಕ್ಕೆ ದಾಖಲೆಯಿದೆ, ಏಕೆಂದರೆ ಅದರ ವಿಚಾರಣೆಗೆ ಸಮಿತಿ ಕುಳಿತು 1833ರಲ್ಲಿ ವರದಿ ಕೊಟ್ಟಿತು. ಬಲಂನ ವಿಷಯದಲ್ಲಿ ಅಂಥ ವಿಚಾರಣೆ ನಡೆಯಲಿಲ್ಲ.

ಅವನ ಕಥೆ ಹೇಳಿದವರು ಯಾರು?

ಹೀಗಾಗಿ ವೆಂಕಟಾದ್ರಿ ಏಕೆ ಕಾದಾಡಿದನೆಂಬುದನ್ನು ನಮಗೆ ಹೇಳುವವರು ಬಹುಮಟ್ಟಿಗೆ ಅವನನ್ನು ನೇಣಿಗೇರಿಸಿದವರೇ. ಮರುದು ಸಹೋದರರ ವಿಷಯ ಹಾಗಲ್ಲ. 1801ರ ಜೂನ್‌ನಲ್ಲಿ ತಿರುಚಿರಾಪಳ್ಳಿಯಲ್ಲಿ ಗೋಡೆಗೆ ಅಂಟಿಸಿದ ಅವರ ಘೋಷಣೆ ಉಳಿದುಬಂದಿದೆ, ಯೂರೋಪಿನವರ ವಿರುದ್ಧ ಎಲ್ಲ ಜಾತಿಗಳವರೂ ಏಳಬೇಕೆಂದು ಅವರದೇ ದನಿಯಲ್ಲಿ ಅದು ಕರೆಯುತ್ತದೆ. ಬಲಂ ನಾಯಕನ ಬಗ್ಗೆ ಇರುವುದು ವೆಲ್ಲೆಸ್ಲಿಯ ಸೇನಾಪತ್ರಗಳು. ಅವುಗಳಿಂದ ದಿನಾಂಕ, ದಾರಿ, ಪಡೆಯ ಚಲನೆ ಇವನ್ನು ನಂಬಿಕೆಯಿಂದ ತೆಗೆದುಕೊಳ್ಳಬಹುದು. ಸೈನ್ಯಾಧಿಕಾರಿ ತನ್ನ ಮೇಲಿನವರಿಗೆ ಬರೆಯುವಾಗ ಇಂಥವುಗಳಲ್ಲಿ ತಪ್ಪಿದರೆ ಅವನಿಗೇ ತೊಂದರೆ. ಎದುರಾಳಿಯ ಉದ್ದೇಶ, ಗುಣ, ಅವನ ಹಿಂದಿದ್ದ ಜನರ ಮನಸ್ಸು ಇವುಗಳ ಬಗ್ಗೆ ಅದೇ ಪತ್ರಗಳು ಹೇಳುವುದನ್ನು ಹಾಗೆಯೇ ನಂಬಲಾಗದು. ಹಳ್ಳಿಗಳ ಆಯುಧ ಕಸಿದುಕೊಂಡ ವಿವರ ನಮಗೆ ಬೆಲೆಯುಳ್ಳದ್ದಾಗುವುದು ಇದಕ್ಕೇ. ಬರೆದವನು ಅದನ್ನು ತನ್ನ ಕೆಲಸದ ಲೆಕ್ಕವಾಗಿ ಬರೆದನು, ನಾಯಕನಿಗೆ ಜನರ ಆಸರೆಯಿತ್ತೆಂದು ಹೊಗಳಲು ಬರೆಯಲಿಲ್ಲ.

ಪತ್ರಗಳ ಹೊರಗೆ ನೋಡಲು ಜಾಗಗಳಿವೆ. ಬೇಲೂರು ನಾಯಕರ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹಾಸನ ಸಂಪುಟದಲ್ಲಿ ಅಚ್ಚಾಗಿವೆ. ಆ ವಂಶ ಎಷ್ಟು ಹಳೆಯದು, ಯಾವ ಊರುಗಳಲ್ಲಿ ದತ್ತಿ ಬಿಟ್ಟಿತು ಎಂಬುದು ಅಲ್ಲಿ ಸಿಗುತ್ತದೆ. ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರಿನ ಮೋಜಣಿ ಆರಂಭಿಸಿದ್ದು 1800ರಲ್ಲಿ, ಬಲಂನಲ್ಲಿ ಕಾದಾಟ ನಡೆಯುತ್ತಿದ್ದ ಅದೇ ವರ್ಷ. ಅವನ ಸಹಾಯಕರು ಊರೂರು ತಿರುಗಿ ಪಾಳೆಗಾರ ಮನೆತನಗಳ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ವೃತ್ತಾಂತಗಳನ್ನು, ಸ್ಥಳದವರ ಬಾಯಿಂದಲೇ ಕೇಳಿ ಕನ್ನಡದಲ್ಲಿ ಬರೆದುಕೊಂಡರು. ಅವುಗಳಲ್ಲಿ ಹಲವು ಇಂದು ಚೆನ್ನೈನ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಬಲಂ ನಾಯಕನ ಬಗ್ಗೆ ಬರೆಯ ಹೊರಟವರು ವೆಲ್ಲೆಸ್ಲಿಯ ಪತ್ರಗಳನ್ನು ಓದುವಾಗ ಮಗ್ಗುಲಲ್ಲಿ ಈ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಇಟ್ಟುಕೊಳ್ಳಬೇಕು.